ಪೇಂಟ್ ಬಕೆಟ್ಟಿಗೆ ಎನಾಮಲ್ ಬಳಿದು ಕುಂಡ ಮಾಡಬೇಡಿ

ಖಾಲಿ ಪೇಂಟ್ ಬಕೆಟ್ಟುಗಳನ್ನು ತೊಳೆದು, ಮನೆಯಲ್ಲಿ ಉಳಿದ ಎನಾಮಲ್ (ಎಣ್ಣೆ ಬಣ್ಣ) ಬಳಿದು ತಾರಸಿಯಲ್ಲಿ ಸಾಲಾಗಿ ಜೋಡಿಸುವವರು ಬಹಳ ಮಂದಿ ಇದ್ದಾರೆ. ಬಳಿದ ವಾರ ನೋಡಲು ಚೆಂದವೇ. ಬೇಸಿಗೆ ಕಳೆದು ಜೂನ್ ಮಳೆ ಹಿಡಿದ ಮೇಲೆ ಅದೇ ಸಾಲನ್ನು ನೋಡಬೇಕು. ಹಿಡಿಕೆಯ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಕಾಣಿಸುತ್ತದೆ, ಅದರ ಕೆಳಗೆ ನೀರು ಇಳಿಯುತ್ತದೆ, ಕೆಲವೇ ವಾರದಲ್ಲಿ ಅಂಗೈಯಗಲದ ಹಕ್ಕಳೆ ಏಳುತ್ತದೆ. ಅಂಚಿಗೆ ಉಗುರು ಹಾಕಿ ಎಳೆದರೆ ಬಾಳೆಸಿಪ್ಪೆ ಸುಲಿದ ಹಾಗೆ ಬಣ್ಣ ಪಟ್ಟಿಪಟ್ಟಿಯಾಗಿ ಕೈಗೆ ಬರುತ್ತದೆ. ಆ ಪಟ್ಟಿಯ ಒಳಬದಿಯನ್ನು ಮುಟ್ಟಿ ನೋಡಿ, ಗಾಜಿನಷ್ಟು ನುಣುಪು. ಅಂದರೆ ಬಣ್ಣ ಪ್ಲಾಸ್ಟಿಕ್ಕಿಗೆ ಒಂದು ದಿನವೂ ಕಚ್ಚಿಕೊಂಡಿರಲಿಲ್ಲ, ಸುಮ್ಮನೆ ಸುತ್ತಿಕೊಂಡಿತ್ತು.

ಬಕೆಟ್ಟನ್ನು ತಲೆಕೆಳಗು ಮಾಡಿದರೆ ತಳದಲ್ಲಿ ತ್ರಿಕೋನದೊಳಗೆ ಒಂದು ಅಂಕಿ ಇರುತ್ತದೆ. ಪೇಂಟ್ ಬಕೆಟ್ಟುಗಳಲ್ಲಿ ಹೆಚ್ಚಾಗಿ 5, ಅಂದರೆ ಪಾಲಿಪ್ರೊಪಿಲೀನ್. ನೀಲಿ ಡ್ರಮ್ಮುಗಳಲ್ಲಿ 2, ಅಂದರೆ ಗಟ್ಟಿ ಪಾಲಿಥೀನ್ ಆದ ಎಚ್‌ಡಿಪಿಇ. ಈ ಎರಡರ ಮೈಯೂ ಮೇಣದ ಜಾತಿಯದು, ದ್ರವವನ್ನು ಸುಲಭವಾಗಿ ಹರಡಿಕೊಳ್ಳಲು ಬಿಡುವುದಿಲ್ಲ. ಒಂದು ಚಮಚ ನೀರು ಸುರಿದು ನೋಡಿ, ಹನಿಹನಿಯಾಗಿ ನಿಲ್ಲುತ್ತದೆ. ನೀರು ಹರಡದ ಕಡೆ ಬಣ್ಣವೂ ಕಚ್ಚಿಕೊಳ್ಳುವುದಿಲ್ಲ. ಅಂಕಿ 3 ಇರುವ ಪಿವಿಸಿ ಪೈಪು ಹಾಗಲ್ಲ, ಚೆನ್ನಾಗಿ ಉಜ್ಜಿದರೆ ಬಣ್ಣವನ್ನು ತಕ್ಕಮಟ್ಟಿಗೆ ಹಿಡಿಯುತ್ತದೆ. ಪೈಪಿಗೆ ನಿಂತ ಬಣ್ಣ ಬಕೆಟ್ಟಿಗೂ ನಿಲ್ಲುತ್ತದೆ ಎಂದುಕೊಂಡೇ ಎಷ್ಟೋ ಜನ ಮೋಸ ಹೋಗುವುದು.

ಎರಡನೇ ಕಾರಣ ಬಿಸಿಲು. ಪಾಲಿಪ್ರೊಪಿಲೀನ್ ಒಂದು ಡಿಗ್ರಿ ಶಾಖಕ್ಕೆ ಮೀಟರಿಗೆ ಸುಮಾರು 0.1 ಮಿಲಿಮೀಟರ್ ಹಿಗ್ಗುತ್ತದೆ, ಕಬ್ಬಿಣಕ್ಕಿಂತ ಎಂಟು ಪಟ್ಟಿಗೂ ಹೆಚ್ಚು. 20 ಲೀಟರ್ ಬಕೆಟ್ಟಿನ ಸುತ್ತಳತೆ ಹೆಚ್ಚುಕಡಿಮೆ 95 ಸೆಂಟಿಮೀಟರ್. ಬೆಳಗಿನ ಜಾವ 20 ಡಿಗ್ರಿ ಇದ್ದ ಮೈ ಮಧ್ಯಾಹ್ನ 55 ಮುಟ್ಟಿದರೆ ಸುತ್ತಳತೆ ಮೂರು ಮಿಲಿಮೀಟರಿಗೂ ಹೆಚ್ಚು ಬೆಳೆದು, ರಾತ್ರಿ ಮತ್ತೆ ಕುಗ್ಗುತ್ತದೆ. ದಿನವೂ ಇದೇ. ಎನಾಮಲ್ ಆದರೋ ಒಣಗಿದ ಮೇಲೂ ಗಾಳಿಯ ಆಮ್ಲಜನಕ ಹೀರಿ ತಿಂಗಳು ತಿಂಗಳಿಗೆ ಗಡುಸಾಗುತ್ತ ಹೋಗುತ್ತದೆ. ಹಿಗ್ಗುವ ಮೈಯ ಮೇಲೆ ಹಿಗ್ಗದ ಪದರ ಇದ್ದರೆ ಬಿರುಕು ಬಿಡಲೇಬೇಕು. ಒದ್ದೆ ಮಣ್ಣು ತುಂಬಿದ ಬಕೆಟ್ಟನ್ನು ಹಿಡಿಕೆ ಹಿಡಿದು ಎತ್ತಿದಾಗ ಬಾಯಿ ಅಂಡಾಕಾರವಾಗಿ ಬಾಗುತ್ತದಲ್ಲ, ಮೊದಲ ಬಿರುಕು ಅಲ್ಲೇ ಬರುತ್ತದೆ.

ಅಂದ ಕೆಟ್ಟರೆ ಹೋಗಲಿ ಅನ್ನಬಹುದು, ಆದರೆ ಉದುರಿದ ಚೂರುಗಳು ಹೋಗುವುದು ಮಣ್ಣಿಗೆ. ಮನೆ ಬಳಕೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದೆಂಬ ಕೇಂದ್ರದ ನಿಯಮ 2016ರದು, ಜಾರಿಯಾದದ್ದು 2017ರ ನವೆಂಬರ್ 1ರಿಂದ. ಅದಕ್ಕೂ ಹಿಂದಿನ ಡಬ್ಬಿ ಅಟ್ಟದ ಮೇಲೆ ಉಳಿದಿದ್ದರೆ ಕುಂಡಕ್ಕೆ ಬಳಿಯಲೇಬೇಡಿ. ಈ ನಿಯಮ ಕಾರ್ಖಾನೆ ಬಳಕೆಯ ಬಣ್ಣಗಳಿಗೆ ಅನ್ವಯಿಸುವುದಿಲ್ಲ, ಹಾಗಾಗಿ ವೆಲ್ಡಿಂಗ್ ಅಂಗಡಿಯಲ್ಲಿ ಉಳಿದ ಹಳದಿ, ಕಿತ್ತಳೆ ಬಣ್ಣ ಪುಕ್ಕಟೆ ಸಿಕ್ಕರೂ ಬೇಡ. ಹಳದಿ, ಕಿತ್ತಳೆಗೆ ಸೀಸದ ಕ್ರೋಮೇಟ್ ಬಳಸುವ ರೂಢಿ ಬಹಳ ಹಳೆಯದು. ದಂಟು, ಮೆಂತ್ಯ, ಪಾಲಕ್ ಬೆಳೆದು ಮಕ್ಕಳಿಗೆ ಬಡಿಸುವ ಮಣ್ಣು ಅದು. ಇದೇ ಕಾರಣಕ್ಕೆ ಯಾವ ಬಣ್ಣವೇ ಆದರೂ ಒಳಮೈಗೆ ಬಳಿಯಬಾರದು. ಬಾಯಿಯ ಅಂಚಿನ ಒಳಗಿನ ಮೂರು ಸೆಂಟಿಮೀಟರ್ ಕೂಡ ಖಾಲಿ ಇರಲಿ. ಕೀಟನಾಶಕ ತುಂಬಿದ್ದ ಡಬ್ಬಿಗಳು ಎಷ್ಟು ತೊಳೆದರೂ, ಎಷ್ಟು ಬಣ್ಣ ಹಚ್ಚಿದರೂ ತರಕಾರಿಗೆ ಬರುವುದಿಲ್ಲ.

ಅಂಗಡಿಯಲ್ಲಿ ಕೇಳಿದರೆ ಸಾಮಾನ್ಯವಾಗಿ ಸಿಗುವ ಸಲಹೆ: 'ಮೊದಲು ಒಂದು ಕೋಟ್ ಪ್ರೈಮರ್ ಹೊಡೀರಿ ಸಾರ್, ನಿಲ್ಲುತ್ತೆ.' ಕೊಡುವುದು ಕಬ್ಬಿಣಕ್ಕೆ ಹಚ್ಚುವ ರೆಡ್ ಆಕ್ಸೈಡನ್ನೋ ಮರದ ಪ್ರೈಮರನ್ನೋ. ಅವೂ ಪಾಲಿಪ್ರೊಪಿಲೀನಿಗೆ ಅಂಟುವುದಿಲ್ಲ, ಬಣ್ಣದ ಜೊತೆಗೆ ಪ್ರೈಮರೂ ಕಿತ್ತುಬರುತ್ತದೆ, ಅಷ್ಟೇ. ಬೇಕಾದದ್ದು ಕಾರಿನ ಬಂಪರಿಗೆ ಹೊಡೆಯುವ ಅಡ್ಹೀಷನ್ ಪ್ರೊಮೋಟರ್, ಅಂದರೆ ಬಣ್ಣ ಕಚ್ಚಿಕೊಳ್ಳುವಂತೆ ಮಾಡುವ ಸ್ಪ್ರೇ. ಬಂಪರುಗಳೂ ಬಹುಪಾಲು ಪಾಲಿಪ್ರೊಪಿಲೀನಿನವೇ, ಆದ್ದರಿಂದ ವಾಹನಗಳ ಪೇಂಟ್ ಮಾರುವ ಅಂಗಡಿಯಲ್ಲಿ ಕೇಳಿ. ಡಬ್ಬಿಯ ಮೇಲೆ ಪಿಪಿ ಅಥವಾ ಪಾಲಿಪ್ರೊಪಿಲೀನ್ ಎಂದು ಬರೆದಿರಬೇಕು. ಬರೀ 'ಪ್ಲಾಸ್ಟಿಕ್ ಪ್ರೈಮರ್' ಎಂದಿದ್ದರೆ ನಂಬಬೇಡಿ, ಕೆಲವು ಬೇರೆ ಜಾತಿಯ ಪ್ಲಾಸ್ಟಿಕ್ ಆದ ಎಬಿಎಸ್‌ಗೆ ಮಾತ್ರ ಆಗುತ್ತವೆ.

ಬಳಿಯಲೇಬೇಕು ಎನ್ನುವವರು ಮೊದಲು ನೀರು ಬಸಿಯುವ ತೂತು ಕೊರೆದುಕೊಳ್ಳಿ. ಬಣ್ಣ ಹಚ್ಚಿದ ಮೇಲೆ ಕೊರೆದರೆ ತೂತಿನ ಅಂಚಿನಿಂದಲೇ ನೀರು ಪದರದ ಕೆಳಗೆ ನುಗ್ಗುತ್ತದೆ. ಪಾತ್ರೆ ತೊಳೆಯುವ ದ್ರವದಿಂದ ಉಜ್ಜಿ ತೊಳೆಯಿರಿ. ಅಚ್ಚಿನಿಂದ ಬಿಡಿಸಲು ಹಚ್ಚಿದ ಜಿಡ್ಡು ಹೊಸ ಕುಂಡದ ಮೈಮೇಲೂ ಇರುತ್ತದೆ, ಹೊಸದು ಎಂದು ತೊಳೆಯದೆ ಬಿಡಬೇಡಿ. ಒಣಗಿದ ಮೇಲೆ 320 ನಂಬರಿನ ಎಮರಿ ಪೇಪರಿನಲ್ಲಿ ಹೊಳಪು ಹೋಗುವಷ್ಟು ಮಾತ್ರ ಉಜ್ಜಿ. 80 ನಂಬರಿನಲ್ಲಿ ಜೋರಾಗಿ ಉಜ್ಜಿದರೆ ಪ್ಲಾಸ್ಟಿಕ್ಕಿನ ಮೇಲೆ ಕೂದಲಿನಂಥ ಎಳೆ ಏಳುತ್ತದೆ, ಬಣ್ಣದ ಕೆಳಗೂ ಅದು ಕಾಣುತ್ತದೆ. ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಿಳಿ ಬಟ್ಟೆಯಿಂದ ಒರೆಸಿ, ಆಮೇಲೆ ಬರಿಗೈ ತಾಗಿಸಬೇಡಿ.

ಪ್ರೊಮೋಟರನ್ನು 25-30 ಸೆಂಟಿಮೀಟರ್ ದೂರದಿಂದ, ಬಯಲಿನಲ್ಲಿ, ಮಾಸ್ಕ್ ಹಾಕಿಕೊಂಡು, ಮೈ ತೇವವಾಯಿತು ಅನ್ನುವಷ್ಟೇ ತೆಳ್ಳಗೆ ಹೊಡೆಯಿರಿ. ದಪ್ಪ ಹೊಡೆದರೆ ಹಿಡಿತ ಹೆಚ್ಚುವುದಿಲ್ಲ, ಆ ಪದರವೇ ಮೆತ್ತಗಾಗಿ ಜಾರುತ್ತದೆ. ಇದು ಕೆಲಸ ಮಾಡುವುದು ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಮಾತ್ರ. ಬೆಳಿಗ್ಗೆ ಪ್ರೊಮೋಟರ್ ಹೊಡೆದು ಸಂಜೆ ಬಣ್ಣ ಹಚ್ಚಿದರೆ ಎರಡೂ ದಂಡ. ಮೇಲಿನ ಬಣ್ಣ ಅಕ್ರಿಲಿಕ್ ಸ್ಪ್ರೇ ಆಗಲಿ, ಅದಕ್ಕೆ ಬಾಗುವ ಗುಣವಿದೆ. ಹೊರಗೋಡೆಯ ಎಮಲ್ಷನ್ ಕೂಡ ಬಾಗುತ್ತದೆ, ಆದರೆ ಎಲ್ಲ ಪ್ರೊಮೋಟರಿನ ಮೇಲೂ ಅದು ಕೂರುವುದಿಲ್ಲ, ಒಂದು ಬಕೆಟ್ಟಿನಲ್ಲಿ ಪರೀಕ್ಷಿಸಿಕೊಳ್ಳಿ. 20 ಲೀಟರ್ ಬಕೆಟ್ಟಿನ ಹೊರಮೈ ಚದರ ಮೀಟರಿನ ಮೂರನೇ ಒಂದು ಭಾಗದಷ್ಟು, ಎರಡು ಸಲ ಬಳಿಯಲು ನೂರು ಮಿಲಿಲೀಟರ್ ಎಮಲ್ಷನ್ ಧಾರಾಳ.

ಪರೀಕ್ಷೆ ಹೀಗೆ: ಬಳಿದು ಒಂದು ವಾರ ಬಿಟ್ಟು, ಬ್ಲೇಡಿನಿಂದ ಎರಡೆರಡು ಮಿಲಿಮೀಟರಿಗೆ ಆರು ಗೀರು, ಅದಕ್ಕೆ ಅಡ್ಡಲಾಗಿ ಮತ್ತೆ ಆರು ಗೀರು ಎಳೆಯಿರಿ. ಮೇಲೆ ಟೇಪ್ ಒತ್ತಿ ಅಂಟಿಸಿ ಜಗ್ಗಿ ಎಳೆಯಿರಿ. ಚೌಕಗಳು ಟೇಪಿಗೆ ಬಂದರೆ ಆ ಪ್ರೊಮೋಟರ್-ಬಣ್ಣದ ಜೋಡಿ ಕೈಬಿಡಿ, ಉಳಿದ ಬಕೆಟ್ಟುಗಳನ್ನು ಮುಟ್ಟಬೇಡಿ. ಈ ಒಂದು ವಾರ ಕಾಯಲು ಬೇಸರಪಟ್ಟವರೇ ಮಳೆಗಾಲದಲ್ಲಿ ಇಪ್ಪತ್ತು ಬಕೆಟ್ಟುಗಳ ಹಕ್ಕಳೆ ಕೆರೆಯುತ್ತ ಕೂರುವುದು.

ಬಣ್ಣ ಒಣಗಿತು ಎಂದು ಒಂದರೊಳಗೆ ಒಂದು ಸೇರಿಸಿಡಬೇಡಿ, ಅಂಟಿಕೊಂಡು ಬಿಡಿಸುವಾಗ ಚರ್ಮ ಕಿತ್ತಂತೆ ಬರುತ್ತದೆ. ಕನಿಷ್ಠ ಒಂದು ವಾರ ಬಿಡಿಬಿಡಿಯಾಗಿಡಿ. ಜನವರಿಯಿಂದ ಮಾರ್ಚ್ ಒಳ್ಳೆಯ ಕಾಲ, ಇಬ್ಬನಿ ಆರಿದ ಮೇಲಿನ ಬೆಳಗಿನ ಹೊತ್ತು. ಕರಾವಳಿ, ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸಕ್ಕೆ ಕೈಹಾಕಲೇಬಾರದು. ತಿಳಿ ಬಣ್ಣವೇ ಇರಲಿ: ಕಪ್ಪು, ಕಡುನೀಲಿ ಬಳಿದರೆ ತಾರಸಿಯ ಬಿಸಿಲಿಗೆ ಬಕೆಟ್ಟಿನ ಗೋಡೆಗೆ ತಾಗಿದ ಬೇರು ಬೇಯುತ್ತದೆ.

ಈಗಾಗಲೇ ಸುಲಿಯುತ್ತಿರುವ ಬಕೆಟ್ಟುಗಳಿದ್ದರೆ ಅದರ ಮೇಲೆ ಇನ್ನೊಂದು ಕೋಟ್ ಹೊಡೆಯಬೇಡಿ. ಮಣ್ಣನ್ನು ಬೇರೆ ಕಡೆಗೆ ವರ್ಗಾಯಿಸಿ, ಹಳೆಯ ಬೆಡ್‌ಶೀಟಿನ ಮೇಲಿಟ್ಟು, ಒದ್ದೆ ಮಾಡಿಕೊಂಡು ಕೆರೆಯಿರಿ. ಒಣಗಿದ್ದನ್ನು ಉಜ್ಜಿದರೆ ಪುಡಿ ಮೂಗಿಗೆ ಹೋಗುತ್ತದೆ. ಚೂರುಗಳನ್ನು ಗೊಬ್ಬರದ ಗುಂಡಿಗೆ ಹಾಕದೆ ಕಟ್ಟಿ ಅಪಾಯಕಾರಿ ಕಸಕ್ಕೆ ಕೊಡಿ. ಬಿಸಿಲಿಗೆ ಸುಣ್ಣದ ಪುಡಿಯಂತೆ ಕೈಗೆ ಬಿಳಿ ಹತ್ತುವ ಹಳೆಯ ಬಕೆಟ್ಟು, ಬೆರಳಿನಿಂದ ಒತ್ತಿದರೆ ಮಡಿಯುವ ನರ್ಸರಿಯ ತೆಳು ಕುಂಡ, ಗ್ರೋ ಬ್ಯಾಗು, ಇವುಗಳಿಗೆ ಪ್ರೊಮೋಟರ್ ಹೊಡೆದರೂ ದುಡ್ಡು ದಂಡವೇ. ಸುತ್ತ ಗೋಣಿತಾಟು ಸುತ್ತಿ ಹುರಿಯಿಂದ ಕಟ್ಟಿ, ಇಲ್ಲವೇ ದೊಡ್ಡ ಮಣ್ಣಿನ ಕುಂಡದೊಳಗೆ ಇಳಿಸಿ.