ಹಪ್ಪಳದ ಪೈಪೋಟಿಗೆ ಯಾವ ಅಲರ್ಟ್? ಗೂಗಲ್, ಡಿಸ್ಟಿಲ್, ವಿಶುವಲ್‌ಪಿಂಗ್

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮದೊಂದು ಸಣ್ಣ ಮನೆ ಉದ್ಯಮ. ಹಲಸಿನಕಾಯಿ ಹಪ್ಪಳ, ಚಿಪ್ಸ್, ಉಪ್ಪು ಸೊಳೆ (ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆ), ಜೊತೆಗೆ ತೆಂಗಿನೆಣ್ಣೆ. ಕೇರಳ ಸರ್ಕಾರ 2018ರಲ್ಲಿ ಹಲಸನ್ನು ರಾಜ್ಯದ ಹಣ್ಣು ಅಂತ ಘೋಷಿಸಿತು. ಹಲಸಿಗೆ ಈಗ ಬೆಲೆಯೂ ಇದೆ, ಪೈಪೋಟಿಯೂ ಇದೆ. ನಮ್ಮಂಥವರು ಗಡಿಯ ಈಚೆಗೂ ಇದ್ದಾರೆ, ಆಚೆ ಕರ್ನಾಟಕದ ಪುತ್ತೂರು ವಿಟ್ಲದ ಕಡೆಗೂ ಇದ್ದಾರೆ. ಅವರು ಬೆಲೆ ಬದಲಿಸಿದ್ದು, ಹೊಸ ಪ್ಯಾಕೆಟ್ ತಂದದ್ದು ಗಿರಾಕಿ ಹೇಳುವ ಮೊದಲೇ ನಮಗೆ ಗೊತ್ತಿರಬೇಕು. ದುಡ್ಡು ಕೊಟ್ಟು ಸಾಫ್ಟ್‌ವೇರ್ ತೆಗೆದುಕೊಳ್ಳುವಷ್ಟು ದೊಡ್ಡ ವ್ಯಾಪಾರ ನಮ್ಮದಲ್ಲ. ಹಾಗಾಗಿ ಉಚಿತವಾಗಿ ಸಿಗುವುದನ್ನೆಲ್ಲ ಬಳಸಿ ನೋಡಿದೆ.

ಎಲ್ಲರೂ ಮೊದಲು ಹೇಳುವುದು ಗೂಗಲ್ ಅಲರ್ಟ್ಸ್. 2003ರಿಂದ ಇದೆ. ಒಂದು ಪದ ಕೊಟ್ಟರೆ ಸಾಕು, ಆ ಪದ ಇರುವ ಹೊಸ ಪುಟ ಗೂಗಲ್‌ಗೆ ಸಿಕ್ಕಾಗ ಇಮೇಲ್ ಬರುತ್ತದೆ. ಕೂಡಲೇ ಬೇಕಾ, ದಿನಕ್ಕೊಮ್ಮೆ ಸಾಕಾ, ವಾರಕ್ಕೊಮ್ಮೆಯಾ ಅಂತ ನಾವೇ ಆರಿಸಬಹುದು. ಮೊದಲು ಮಾಡಬೇಕಾದ ಕೆಲಸ ಒಂದಿದೆ. ಅದರಲ್ಲಿ 'ಉತ್ತಮ ಫಲಿತಾಂಶ ಮಾತ್ರ' ಅಂತ ಮೊದಲೇ ಇರುತ್ತದೆ. ಅದನ್ನು 'ಎಲ್ಲ ಫಲಿತಾಂಶ' ಅಂತ ಬದಲಿಸಿ. ನಮ್ಮೂರಿನ ಸಣ್ಣ ಹೆಸರುಗಳು ಉತ್ತಮ ಫಲಿತಾಂಶದ ಪಟ್ಟಿಗೆ ಏರುವುದು ಕಷ್ಟ.

ಆದರೂ ಎದುರಾಳಿಯ ಹೆಸರು ಹಾಕಿದರೆ ಇದು ಹೆಚ್ಚಾಗಿ ಸುಮ್ಮನೇ ಇರುತ್ತದೆ. ಕಾರಣ ಸರಳ. ಇದು ನೋಡುವುದು ಸುದ್ದಿ, ಬ್ಲಾಗ್, ವೆಬ್ ಪುಟಗಳನ್ನು. ನಮ್ಮ ಕಡೆಯ ಹಪ್ಪಳದವರು ಇರುವುದು ಇನ್‌ಸ್ಟಾಗ್ರಾಮ್‌ನಲ್ಲಿ, ವಾಟ್ಸಾಪ್‌ನಲ್ಲಿ. ಪೇಪರಿನಲ್ಲಿ ಅವರ ಬಗ್ಗೆ ಬರೆದರೆ ಮಾತ್ರ ನಮಗೆ ಮೇಲ್ ಬರುತ್ತದೆ.

ನಮ್ಮ ಜಿಲ್ಲೆಯವರಿಗೆ ಇನ್ನೊಂದು ಕಷ್ಟ, ಭಾಷೆಯದು. ಒಂದೇ ಬ್ರ್ಯಾಂಡಿನ ಹೆಸರು ಕನ್ನಡದಲ್ಲಿ, ಮಲಯಾಳದಲ್ಲಿ, ಇಂಗ್ಲಿಷಿನಲ್ಲಿ ಮೂರು ರೀತಿ ಇರುತ್ತದೆ. ಕಾಸರಗೋಡು ಅನ್ನುವುದಕ್ಕೇ ಇಂಗ್ಲಿಷಿನಲ್ಲಿ ಎರಡು ಸ್ಪೆಲಿಂಗ್. ಒಂದೊಂದಕ್ಕೂ ಬೇರೆ ಬೇರೆ ಅಲರ್ಟ್ ಇಡಬೇಕು, ಭಾಷೆಯನ್ನು 'ಯಾವುದಾದರೂ' ಅಂತ ಬಿಡಬೇಕು. ಉದ್ಧರಣ ಚಿಹ್ನೆಯೊಳಗೆ 'ಹಲಸಿನ ಹಪ್ಪಳ' ಅಂತ ಕೊಟ್ಟರೆ 'ಹಲಸಿನ ಹಪ್ಪಳಕ್ಕೆ', 'ಹಲಸಿನ ಹಪ್ಪಳದ' ಅಂತ ಬರೆದದ್ದು ತಪ್ಪಿ ಹೋಗಬಹುದು. ಕನ್ನಡ ಪದಗಳನ್ನು ಚಿಹ್ನೆ ಇಲ್ಲದೆ ಕೊಟ್ಟು, ಬೇಡದ ಪದದ ಮುಂದೆ ಮೈನಸ್ ಹಾಕುವುದೇ ನನಗೆ ಸರಿ ಕಂಡಿತು. ಅಡುಗೆ ರೆಸಿಪಿಗಳನ್ನು ದೂರ ಇಡಲು ಹಾಗೆ ಮಾಡಲೇಬೇಕು. ಇಲ್ಲದಿದ್ದರೆ ಮೇಲ್ ತುಂಬ ಅದೇ.

ಇದೇ ಥರದ ಟಾಕ್‌ವಾಕರ್ ಅಲರ್ಟ್ಸ್ ಅನ್ನೂ ಬಳಸಿ ನೋಡಿದೆ, ಲಕ್ಸೆಂಬರ್ಗ್‌ನ ಕಂಪನಿಯದು. 2024ರಲ್ಲಿ ಆ ಕಂಪನಿಯನ್ನು ಹೂಟ್‌ಸ್ವೀಟ್ ಅನ್ನುವ ಇನ್ನೊಂದು ಕಂಪನಿ ಕೊಂಡುಕೊಂಡಿತು. ದೊಡ್ಡ ಬ್ರ್ಯಾಂಡುಗಳ ಮೇಲೆ ಕಣ್ಣಿಡುವವರಿಗೆ ಆಗಬಹುದು. ನಮ್ಮ ಹಪ್ಪಳಕ್ಕೆ ಗೂಗಲ್‌ಗಿಂತ ಜಾಸ್ತಿ ಏನೂ ಸಿಗಲಿಲ್ಲ.

ನಿಜವಾಗಿ ಉಪಯೋಗಕ್ಕೆ ಬಂದದ್ದು ಪುಟ ಕಾಯುವ ಸಾಧನಗಳು. ಇಲ್ಲಿ ಹೆಸರು ಹುಡುಕುವ ಗೋಜಿಲ್ಲ. ಎದುರಾಳಿಯ ವೆಬ್‌ಸೈಟಿನ ಬೆಲೆಪಟ್ಟಿಯ ವಿಳಾಸ ಕೊಡುವುದು, ಅದು ಬದಲಾದರೆ ತಿಳಿಸು ಅನ್ನುವುದು, ಅಷ್ಟೇ. ನಾನು ಹೋಲಿಸಿದ್ದು ಡಿಸ್ಟಿಲ್ ಮತ್ತು ವಿಶುವಲ್‌ಪಿಂಗ್.

ವಿಶುವಲ್‌ಪಿಂಗ್ ಕಲಿಯಲು ಸುಲಭ. ಪುಟದ ಚಿತ್ರ ತೆಗೆದು, ಹಳೆಯದನ್ನೂ ಹೊಸದನ್ನೂ ಹೋಲಿಸಿ, ಬದಲಾದ ಜಾಗವನ್ನು ಗುರುತು ಮಾಡಿ ಕಳಿಸುತ್ತದೆ. ಕಂಪ್ಯೂಟರ್ ಅಭ್ಯಾಸ ಇಲ್ಲದ ಅತ್ತಿಗೆಗೂ ಆ ಮೇಲ್ ನೋಡಿದ ಕೂಡಲೇ ಅರ್ಥವಾಯಿತು. ಇಡೀ ಪುಟ ಕೊಟ್ಟರೆ ಮಾತ್ರ ಕಿರಿಕಿರಿ. ಮೇಲ್ಗಡೆ ಬ್ಯಾನರ್ ಚಿತ್ರ ತಿರುಗುತ್ತಿದ್ದರೆ ಅದನ್ನೂ ಬದಲಾವಣೆ ಅಂತ ಹೇಳುತ್ತದೆ. ಬೆಲೆ ಇರುವ ಭಾಗವನ್ನಷ್ಟೇ ಆರಿಸಿಕೊಳ್ಳಬೇಕು. ಉಚಿತ ಖಾತೆಗೆ ತಿಂಗಳಿಗೆ ಇಷ್ಟೇ ಸಲ ನೋಡುವುದು ಅಂತ ಮಿತಿ ಇದೆ. ಕೆಲವೇ ಪುಟ, ದಿನಕ್ಕೊಮ್ಮೆ ಅಂದರೆ ಸಾಕಾಗುತ್ತದೆ.

ಡಿಸ್ಟಿಲ್ ಬ್ರೌಸರಿಗೆ ಸೇರಿಸುವ ಎಕ್ಸ್‌ಟೆನ್ಷನ್. ಪುಟದ ಒಂದು ಅಂಕಿಯನ್ನೇ ಮೌಸಿನಿಂದ ಹಿಡಿದು ಕೊಡಬಹುದು. ಜೊತೆಗೆ ಷರತ್ತು ಹಾಕಬಹುದು, ಬೆಲೆ ಇಳಿದರೆ ಮಾತ್ರ ತಿಳಿಸು ಅಂತ. 2025ರಲ್ಲಿ ಕೇರಳದಲ್ಲಿ ತೆಂಗಿನೆಣ್ಣೆ ಲೀಟರಿಗೆ 400 ರೂಪಾಯಿ ದಾಟಿತಲ್ಲ, ಅಂಥ ಹೊತ್ತಿನಲ್ಲಿ ಡಿಸ್ಟಿಲ್‌ನ ಉಪಯೋಗ ಗೊತ್ತಾಗುತ್ತದೆ. ಯಾರು ಕೂಡಲೇ ಏರಿಸಿದರು, ಯಾರು ಲೀಟರ್ ಬಾಟಲಿ ತೆಗೆದು ಅರ್ಧ ಲೀಟರ್ ಮಾತ್ರ ಇಟ್ಟರು ಅನ್ನುವುದು ಕಣ್ಣೆದುರೇ ಇರುತ್ತದೆ. ಚಿಪ್ಸ್ ಕರಿಯುವುದೂ ಅದೇ ಎಣ್ಣೆಯಲ್ಲಿ ಅಲ್ವಾ? ಎಣ್ಣೆ ಏರಿದರೆ ಚಿಪ್ಸಿನ ಬೆಲೆಯನ್ನೂ ಯೋಚಿಸಬೇಕು.

ಇದರ ತೊಂದರೆ ಏನೆಂದರೆ, ನಮ್ಮ ಕಂಪ್ಯೂಟರಿನಲ್ಲೇ ನಡೆಯುವ ಕಾವಲು ಬ್ರೌಸರ್ ತೆರೆದಿದ್ದರೆ ಮಾತ್ರ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೋಗುವುದು ಗೊತ್ತೇ ಇದೆ. ಆ ಹೊತ್ತು ಕಾವಲೂ ಇಲ್ಲ. ಅವರ ಸರ್ವರಿನಿಂದಲೇ ನೋಡುವ ವ್ಯವಸ್ಥೆಯೂ ಇದೆ, ಉಚಿತವಾಗಿ ಅದು ಸ್ವಲ್ಪವೇ ಸಿಗುತ್ತದೆ. ಮುಖ್ಯವಾದ ಪುಟಗಳನ್ನು ಅದಕ್ಕೆ ಹಾಕಿ, ಉಳಿದದ್ದನ್ನು ಬ್ರೌಸರಿಗೆ ಬಿಟ್ಟಿದ್ದೇನೆ. ಎರಡರಲ್ಲಿ ಒಂದೇ ಇಟ್ಟುಕೊಳ್ಳಿ ಅಂದರೆ ನಾನು ಡಿಸ್ಟಿಲ್ ಅನ್ನುತ್ತೇನೆ.

ಇನ್ನೊಂದನ್ನು ಅಲರ್ಟ್ ಅನ್ನಲಾಗದು, ಆದರೂ ಹೇಳಲೇಬೇಕು. ಮೆಟಾ ಆ್ಯಡ್ ಲೈಬ್ರರಿ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ನಲ್ಲಿ ಈಗ ಯಾರು ಯಾವ ಜಾಹೀರಾತು ಓಡಿಸುತ್ತಿದ್ದಾರೆ ಅಂತ ಯಾರು ಬೇಕಾದರೂ ನೋಡಬಹುದು. ದೇಶ ಭಾರತ ಅಂತ ಕೊಟ್ಟು ಹೆಸರು ಹುಡುಕಿದರೆ ಆಯಿತು. ಯಾವ ದಿನ ಶುರುವಾಯಿತು ಅಂತಲೂ ಇರುತ್ತದೆ. ತಿಂಗಳುಗಟ್ಟಲೆ ಒಂದೇ ಜಾಹೀರಾತು ಓಡುತ್ತಿದ್ದರೆ ಅದರಿಂದ ಅವರಿಗೆ ವ್ಯಾಪಾರ ಆಗುತ್ತಿದೆ ಅಂತಲೇ ನಾನು ತಿಳಿಯುತ್ತೇನೆ. ತಾನಾಗಿ ಮೇಲ್ ಬರುವುದಿಲ್ಲ, ನಾವೇ ಹೋಗಿ ನೋಡಬೇಕು.

ಇನ್‌ಸ್ಟಾಗ್ರಾಮ್ ಪುಟಕ್ಕೆ ಡಿಸ್ಟಿಲ್ ಹಾಕಬೇಡಿ. ಯಂತ್ರದಿಂದ ಮಾಹಿತಿ ತೆಗೆಯುವುದನ್ನು ಅವರ ನಿಯಮ ಒಪ್ಪುವುದಿಲ್ಲ. ಫಾಲೋ ಮಾಡಿ ಗಂಟೆ ಗುರುತು ಒತ್ತಿದರೆ ಹೊಸ ಪೋಸ್ಟ್ ತಾನೇ ತಿಳಿಯುತ್ತದೆ. ಬೇರೆ ಹೆಸರಿನಲ್ಲಿ ಅವರ ವಾಟ್ಸಾಪ್ ಗುಂಪಿಗೆ ಸೇರುವವರೂ ಇದ್ದಾರೆ. ಅದು ನನಗೆ ಖಂಡಿತ ಸರಿ ಕಾಣುವುದಿಲ್ಲ. ನಾಳೆ ಸಂತೆಯಲ್ಲಿ, ಮದುವೆಯಲ್ಲಿ ಮುಖ ನೋಡಬೇಕಾದವರು ಅವರು.

ಗೂಗಲ್ ಅಲರ್ಟ್ಸನ್ನು ನಾನು ಬಿಟ್ಟಿಲ್ಲ, ಕೆಲಸ ಬದಲಿಸಿದ್ದೇನೆ. ಎದುರಾಳಿಗಳ ಹೆಸರು ತೆಗೆದು, ಹಲಸಿನ ಮೇಳ, ಸಿಪಿಸಿಆರ್‌ಐ (ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ), ಕೊಬ್ಬರಿ ಧಾರಣೆ, ಮತ್ತೆ ನಮ್ಮದೇ ಬ್ರ್ಯಾಂಡಿನ ಹೆಸರು ಇಟ್ಟಿದ್ದೇನೆ, ವಾರಕ್ಕೊಮ್ಮೆ. ಬೆಲೆಗೆ ಡಿಸ್ಟಿಲ್. ಜಾಹೀರಾತು ನೋಡುವ ಕೆಲಸ ಅತ್ತಿಗೆಯದು. ವಾಟ್ಸಾಪ್ ಕ್ಯಾಟಲಾಗಿನಲ್ಲಿ ಮಾತ್ರ ಮಾರುವವರ ಬೆಲೆ ಇವು ಯಾವುದಕ್ಕೂ ಸಿಗುವುದಿಲ್ಲ. ಅದಕ್ಕೆ ಹಪ್ಪಳ ಕೊಡಲು ಕುಂಬಳೆ, ಉಪ್ಪಳದ ಅಂಗಡಿಗಳಿಗೆ ಹೋದಾಗ ಅಂಗಡಿಯವರನ್ನೇ ಕೇಳುತ್ತೇವೆ.