‘ಕಂಡಿತೇ?’ ಎಂದು ಕೇಳುವ ಮೂರು ದಾರಿ

ತ್ರಿಕೋನವೋ ಚೌಕವೋ ಪರದೆಯ ಮೇಲೆ ಮಿಂಚುತ್ತದೆ. ಬೆನ್ನಿಗೇ ಗೀಚುಗೆರೆಗಳ ಚಿತ್ರವೊಂದು ಬಂದು ಅದನ್ನು ಮರೆಮಾಡುತ್ತದೆ. 60 ಹರ್ಟ್ಸ್ ಪರದೆಯಲ್ಲಿ ಒಂದು ಫ್ರೇಮ್ ನಿಲ್ಲುವುದು ಸುಮಾರು 16.7 ಮಿಲಿಸೆಕೆಂಡ್. ಅಷ್ಟರಲ್ಲಿ ಏನಾದರೂ ಕಂಡಿತೇ? ಈ ಪರೀಕ್ಷೆಗೆ ನಾನೇ ಕೂತು, ಕಂಡದ್ದರ ಅರಿವನ್ನು ಅಳೆಯಲು ಸಂಶೋಧಕರು ಬಳಸುವ ಮೂರು ಮಾಪಕಗಳನ್ನು ಒಂದಾದ ಮೇಲೊಂದರಂತೆ ಬಳಸಿ ನೋಡಿದೆ. ಮೂರರಲ್ಲೂ ಮೊದಲು ಆಕಾರ ಯಾವುದೆಂದು ಹೇಳಲೇಬೇಕು, ಕಾಣದಿದ್ದರೆ ಊಹಿಸಬೇಕು.

ಸರಿಯುತ್ತರವೊಂದೇ ಅಳತೆಗೆ ಸಾಲದು. ಮಿದುಳಿನ ದೃಷ್ಟಿಭಾಗಕ್ಕೆ ಪೆಟ್ಟಾದ ಕೆಲವರು ‘ಏನೂ ಕಾಣಲಿಲ್ಲ’ ಎನ್ನುತ್ತಲೇ ಸರಿಯಾಗಿ ಊಹಿಸುತ್ತಾರೆ. ಇದಕ್ಕೆ ‘ಬ್ಲೈಂಡ್‌ಸೈಟ್’ ಎನ್ನುತ್ತಾರೆ.

ಮೊದಲನೆಯದು, ಉತ್ತರದ ಬಗ್ಗೆ ಎಷ್ಟು ಖಾತ್ರಿ ಎಂದು ಅಂಕ ಕೊಡುವುದು. ಸುಲಭ, ಚುರುಕು. ಆದರೆ ಅಂಕ ಕೊಡುವಾಗ ನಾನು ತೂಗುತ್ತಿದ್ದದ್ದು ನನ್ನ ಉತ್ತರವನ್ನು, ಕಂಡದ್ದನ್ನಲ್ಲ.

ಎರಡನೆಯದು ಪಣ. ಪರ್ಸಾಡ್, ಮ್ಯಾಕ್‌ಲಿಯೋಡ್, ಕೌವಿ 2007ರಲ್ಲಿ ಇದನ್ನು ಮುಂದಿಟ್ಟರು: ಉತ್ತರದ ಮೇಲೆ ಹಣ ಕಟ್ಟಿ, ಅರಿವಿದ್ದರೆ ಹೆಚ್ಚು ಕಟ್ಟುತ್ತೀರಿ. ಕೇಳಲು ಆಕರ್ಷಕ. ಆಡುವಾಗ ಮಾತ್ರ ಕಳೆದುಕೊಳ್ಳುವ ಅಳುಕು ನಡುವೆ ಬರುತ್ತದೆ. ಆಕಾರದ ಮೂಲೆಯೊಂದು ಹಾದುಹೋದದ್ದು ಸ್ಪಷ್ಟವಾಗಿ ಗೊತ್ತಿದ್ದರೂ ಚಿಕ್ಕ ಪಣಕ್ಕೇ ಕೈ ಹೋಗುತ್ತಿತ್ತು. ಆಗ ಅಳತೆಗೆ ಸಿಗುವುದು ನನ್ನ ಧೈರ್ಯ. ಈ ಆಕ್ಷೇಪವನ್ನು ಸಂಶೋಧಕರೂ ಎತ್ತಿದ್ದಾರೆ.

ನನಗೆ ಒಪ್ಪಿಗೆಯಾದದ್ದು ರಾಮ್ಸೋಯ್ ಮತ್ತು ಓವರ್‌ಗಾರ್ಡ್ 2004ರಲ್ಲಿ ರೂಪಿಸಿದ ಮಾಪಕ, ‘ಪ್ಯಾಸ್’ (ಪರ್ಸೆಪ್ಚುವಲ್ ಅವೇರ್‌ನೆಸ್ ಸ್ಕೇಲ್, ಅಂದರೆ ನೋಟದ ಅರಿವಿನ ಮಾಪಕ). ಅದಕ್ಕೆ ನಾಲ್ಕು ಮೆಟ್ಟಿಲು: ಏನೂ ಅನುಭವವಿಲ್ಲ, ಕ್ಷಣದ ಸುಳಿವು, ಬಹುತೇಕ ಸ್ಪಷ್ಟ, ಪೂರ್ತಿ ಸ್ಪಷ್ಟ. ಎರಡನೇ ಮೆಟ್ಟಿಲೇ ಇದರ ಜೀವಾಳ. ಏನೋ ಸುಳಿಯಿತು, ಏನೆಂದು ಹೇಳಲಾರೆ ಎನ್ನುವ ಸ್ಥಿತಿಗೆ ಉಳಿದೆರಡರಲ್ಲಿ ಜಾಗವೇ ಇಲ್ಲ. ಅಲ್ಲಿ ಅದು ‘ಬರೀ ಊಹೆ’ಯೊಳಗೆ ಕರಗಿಹೋಗುತ್ತದೆ. ಇಲ್ಲಿ ಅದನ್ನು ಹಿಡಿದಿಡಬಹುದು, ಏಕೆಂದರೆ ಪ್ರಶ್ನೆ ನೇರವಾಗಿ ನೋಟದ ಬಗ್ಗೆಯೇ ಇದೆ. 2010ರಲ್ಲಿ ಸ್ಯಾಂಡ್‌ಬರ್ಗ್ ಮತ್ತು ಸಂಗಡಿಗರು ಇವೇ ಮೂರನ್ನು ಹೋಲಿಸಿದಾಗಲೂ ಪ್ಯಾಸ್ ಹೆಚ್ಚು ಸೂಕ್ಷ್ಮವೆಂದು ಕಂಡುಬಂತು.

ತೊಡಕು ಇದರಲ್ಲೂ ಇದೆ. ‘ಸುಳಿವು’ ಎಲ್ಲಿ ಮುಗಿದು ‘ಬಹುತೇಕ ಸ್ಪಷ್ಟ’ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಅಭ್ಯಾಸದ ಸುತ್ತುಗಳಲ್ಲೇ ಗಟ್ಟಿಮಾಡಿಕೊಳ್ಳಬೇಕು. ಕೆಲವು ಸುತ್ತುಗಳಲ್ಲಿ ಆಕಾರ ತೋರಿಸದೆ ಬರೀ ಗೀಚುಗೆರೆ ತೋರಿಸುವುದನ್ನೂ ಸೇರಿಸಿಕೊಳ್ಳಿ. ಅಲ್ಲೂ ‘ಸುಳಿವು’ ಒತ್ತುತ್ತಿದ್ದರೆ ಮೆಟ್ಟಿಲುಗಳ ವಿವರಣೆಯನ್ನು ಮತ್ತೆ ಓದಿಕೊಂಡೇ ಮುಂದುವರಿಯಬೇಕು.