ತಣ್ಣೀರಿನ ಸರ್ಫಿಂಗ್‌ನಲ್ಲಿ ಬೂಟಿ ಹಾಕಿದ ಕಾಲಿಗೆ ಹಿಡಿತ: ಬೂಟಿ, ವ್ಯಾಕ್ಸ್ ಮತ್ತು ಪ್ಯಾಡ್‌ಗಳ ದೀರ್ಘಕಾಲದ ಬಳಕೆಯ ವಿಮರ್ಶೆ

ಉತ್ತರ ಕ್ಯಾಲಿಫೋರ್ನಿಯಾದ ಕಡಲಿನಲ್ಲಿ ಸರ್ಫಿಂಗ್ ಮಾಡುವ ನಮ್ಮಂಥವರಿಗೆ ಬೂಟಿಯನ್ನು, ಅಂದರೆ ತಣ್ಣೀರಿನಲ್ಲಿ ಕಾಲಿಗೆ ಹಾಕುವ ರಬ್ಬರಿನ ಬೂಟನ್ನು, ಶೋಕಿಯ ವಸ್ತು ಎಂದು ತಳ್ಳಿಹಾಕುವಂತಿಲ್ಲ. ಪೆಸಿಫಿಕಾದ ಲಿಂಡಾ ಮಾರ್ ತೀರದಲ್ಲಾಗಲಿ, ಅದರ ದಕ್ಷಿಣಕ್ಕಿರುವ ಸಾಂಟಾ ಕ್ರೂಜ್‌ನಲ್ಲಾಗಲಿ ನೀರಿನ ಉಷ್ಣತೆ ವರ್ಷದ ಬಹುಭಾಗ 11ರಿಂದ 15 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿಯೇ ಇರುತ್ತದೆ. ಹೊಸಬರಿಗೆ ವಿಚಿತ್ರವೆನಿಸುವ ಸಂಗತಿಯೆಂದರೆ, ಇಲ್ಲಿ ನೀರು ಅತಿ ತಣ್ಣಗಿರುವುದು ಏಪ್ರಿಲ್, ಮೇ ತಿಂಗಳುಗಳಲ್ಲಿ. ವಸಂತದಲ್ಲಿ ವಾಯವ್ಯದಿಂದ ಬೀಸುವ ಗಾಳಿಯ ದೆಸೆಯಿಂದ ಮೇಲ್ಪದರದ ನೀರು ತೀರದಿಂದ ಆಚೆಗೆ ಸರಿಯುತ್ತದೆ, ಆ ಜಾಗಕ್ಕೆ ಆಳದ ತಣ್ಣೀರು ಮೇಲೆದ್ದು ಬರುತ್ತದೆ. ಬರಿಗಾಲಿನಲ್ಲಿ ಸ್ವಲ್ಪ ಹೊತ್ತು ಕಳೆಯುವಷ್ಟರಲ್ಲಿ ಬೆರಳುಗಳು ಮರಗಟ್ಟುತ್ತವೆ, ಮರಗಟ್ಟಿದ ಕಾಲು ಬೋರ್ಡಿನ ಯಾವ ಭಾಗದ ಮೇಲಿದೆ ಎಂಬುದೇ ತಿಳಿಯುವುದಿಲ್ಲ. ಬೂಟಿ ಹಾಕಿದರೆ ಕಾಲು ಬೆಚ್ಚಗಾಗುತ್ತದೆ, ಆದರೆ ಹಿಡಿತ ಸಡಿಲವಾಗುತ್ತದೆ. ಆ ಹಿಡಿತವನ್ನು ಮರಳಿ ಪಡೆಯಲು ನಾನು ಹಲವು ವರ್ಷಗಳಿಂದ ಬಳಸುತ್ತಿರುವ ಮೂರು ವಸ್ತುಗಳ ವಿಮರ್ಶೆ ಇದು: 3 ಮಿಲಿಮೀಟರ್ ದಪ್ಪದ, ಹೆಬ್ಬೆರಳು ಬೇರೆಯಾಗಿರುವ ಬೂಟಿ, ಕಾಲು ಜಾರದಂತೆ ಬೋರ್ಡಿನ ಮೇಲೆ ಉಜ್ಜುವ ತಣ್ಣೀರಿನ ವ್ಯಾಕ್ಸ್ (ಮೇಣ), ಮತ್ತು ಬೋರ್ಡಿನ ಮುಂಭಾಗಕ್ಕೆ ಅಂಟಿಸುವ ಫೋಮ್ ಪ್ಯಾಡ್.

ಕಂಪನಿಗಳ ಹೆಸರುಗಳನ್ನು ಉದ್ದೇಶಪೂರ್ವಕವಾಗಿಯೇ ಕೈಬಿಟ್ಟಿದ್ದೇನೆ. ಬೂಟಿಗಳ ಮಾದರಿಗಳು ಆಗಾಗ ಬದಲಾಗುತ್ತಿರುತ್ತವೆ, ಒಂದೇ ಹೆಸರಿನ ಬೂಟಿ ಮರುವರ್ಷ ಬೇರೆಯದೇ ಅಟ್ಟೆಯೊಂದಿಗೆ ಬರಬಹುದು. ಕೊಳ್ಳುವವರು ನೋಡಬೇಕಾದ ಗುಣಗಳು ಮಾತ್ರ ಎಲ್ಲ ಕಂಪನಿಗಳ ಸರಕಿಗೂ ಅನ್ವಯಿಸುತ್ತವೆ. ನನ್ನ ಬೋರ್ಡ್ ಏಳೂವರೆ ಅಡಿ ಉದ್ದದ್ದು. ನಾನು ಸವಾರಿ ಮಾಡುವ ಅಲೆಗಳು ಸೊಂಟದಿಂದ ಎದೆಯ ಎತ್ತರದವು. ಮುಂದಿನ ಮಾತುಗಳನ್ನು ಆ ಮಿತಿಯಲ್ಲಿಟ್ಟು ಓದಬೇಕು.

ಬೂಟಿ ಹಾಕಿದಾಗ ಕಾಲು ಜಾರುತ್ತದೆ ಎಂದು ದೂರುವವರಲ್ಲಿ ಹೆಚ್ಚಿನವರು ಮೊದಲು ಕೈಹಾಕುವುದು ವ್ಯಾಕ್ಸ್ ಬಿಲ್ಲೆಗೆ. ಜಾರುವಿಕೆ ನಡೆಯುವುದು ಎರಡು ಕಡೆ ಎಂಬುದನ್ನು ಅವರು ಗಮನಿಸಿರುವುದಿಲ್ಲ. ಅಟ್ಟೆ ಮತ್ತು ಬೋರ್ಡಿನ ನಡುವೆ ನಡೆಯುವುದು ಒಂದು. ಪಾದ ಮತ್ತು ಬೂಟಿಯ ನಡುವೆ, ಅಂದರೆ ಬೂಟಿಯ ಒಳಗೇ ನಡೆಯುವುದು ಇನ್ನೊಂದು. ನನ್ನ ಅನುಭವದಲ್ಲಿ ತೊಂದರೆಯ ಹೆಚ್ಚಿನ ಪಾಲು ಎರಡನೆಯದರದ್ದು. ಅಟ್ಟೆ ವ್ಯಾಕ್ಸ್‌ಗೆ ಚೆನ್ನಾಗಿಯೇ ಕಚ್ಚಿಕೊಂಡಿರುತ್ತದೆ, ಆದರೆ ತಿರುವು ತೆಗೆದುಕೊಳ್ಳಲು ಹಿಮ್ಮಡಿಯ ಮೇಲೆ ಭಾರ ಹಾಕಿದ ಕೂಡಲೇ ಪಾದ ಒಳಗೆ ಅರ್ಧ ಬೆರಳಿನಷ್ಟು ಸರಿಯುತ್ತದೆ, ಬೋರ್ಡ್ ತಡವಾಗಿ ಮಾತು ಕೇಳುತ್ತದೆ. ಬೂಟಿಯ ರಬ್ಬರಾದ ನಿಯೋಪ್ರೀನ್‌ನ ಸ್ವಭಾವವೇ ಇದಕ್ಕೆ ಕಾರಣ. ಅದರೊಳಗಿರುವ ಸಣ್ಣ ಸಣ್ಣ ಅನಿಲದ ಗುಳ್ಳೆಗಳು ಶಾಖವನ್ನು ತಡೆಹಿಡಿಯುತ್ತವೆ, ಅದೇ ಗುಳ್ಳೆಗಳ ದೆಸೆಯಿಂದ ಅದು ಒತ್ತಿದರೆ ಕುಗ್ಗುತ್ತದೆ, ಎಳೆದರೆ ಹಿಗ್ಗುತ್ತದೆ. 1950ರ ದಶಕದ ಆರಂಭದಲ್ಲಿ ಬರ್ಕ್ಲಿಯ ಭೌತವಿಜ್ಞಾನಿ ಹ್ಯೂ ಬ್ರ್ಯಾಡ್ನರ್ ಈ ವಸ್ತುವನ್ನು ವೆಟ್‌ಸೂಟಿಗೆ, ಅಂದರೆ ತಣ್ಣೀರಿನಲ್ಲಿ ಮೈ ಬೆಚ್ಚಗಿಡುವ ಉಡುಗೆಗೆ, ಆರಿಸಿಕೊಂಡದ್ದು ಶಾಖಕ್ಕಾಗಿ. ಕಾಲಿನ ಹಿಡಿತ ಆಗ ಯಾರ ಲೆಕ್ಕದಲ್ಲಿಯೂ ಇದ್ದಿರಲಾರದು.

ಆದ್ದರಿಂದ ಬೂಟಿಯ ಆಯ್ಕೆಯೇ ಮೊದಲ ಹೆಜ್ಜೆ. ದುಂಡು ಮೂತಿಯ 5 ಮಿಲಿಮೀಟರ್ ಬೂಟಿಯನ್ನೂ, ಹೆಬ್ಬೆರಳು ಬೇರೆಯಾಗಿರುವ 3 ಮಿಲಿಮೀಟರ್ ಬೂಟಿಯನ್ನೂ ನಾನು ಬಳಸಿದ್ದೇನೆ. ದುಂಡು ಮೂತಿಯದು ಹೆಚ್ಚು ಬೆಚ್ಚಗಿರುತ್ತದೆ, ಏಕೆಂದರೆ ಬೆರಳುಗಳೆಲ್ಲ ಒಟ್ಟಿಗಿರುತ್ತವೆ, ಹೊಲಿಗೆಯೂ ಕಡಿಮೆ. ಆದರೆ ಅದರೊಳಗೆ ಪಾದ ಪಕ್ಕಕ್ಕೆ ಉರುಳುವುದನ್ನು ತಡೆಯಲು ಏನೂ ಇರುವುದಿಲ್ಲ. ಹೆಬ್ಬೆರಳಿಗೆ ಪ್ರತ್ಯೇಕ ಮನೆ ಇರುವ ಬೂಟಿಯಲ್ಲಿ ಆ ಸೀಳೇ ಬೆರಳುಗಳ ನಡುವೆ ಗೂಟದಂತೆ ನಿಂತು ಪಾದವನ್ನು ಹಿಡಿಯುತ್ತದೆ. ಕೆಲವು ಮಾದರಿಗಳಲ್ಲಿ ಸೀಳು ಒಳಗಡೆ ಮಾತ್ರ ಇದ್ದು ಹೊರಗಿನಿಂದ ಮೂತಿ ದುಂಡಗೆ ಕಾಣಿಸುತ್ತದೆ. ಶಾಖ ಮತ್ತು ಹಿಡಿತ ಎರಡೂ ಬೇಕೆನ್ನುವವರಿಗೆ ಅದು ಒಳ್ಳೆಯ ರಾಜಿ. ಪಾದದ ಮೇಲೆ ಅಡ್ಡಲಾಗಿ ಬರುವ ಪಟ್ಟಿ ಇದ್ದರೆ ಇನ್ನೂ ಒಳ್ಳೆಯದು. ಎಂದೋ ಒಮ್ಮೆ ಕೀಳುವ ವೆಲ್ಕ್ರೋ ಎಂದು ಅದನ್ನು ಕಡೆಗಣಿಸಬಾರದು, ಹಿಮ್ಮಡಿಯನ್ನು ಅದರ ಗುಂಡಿಯಲ್ಲಿ ಕೂರಿಸಿಡುವುದು ಆ ಪಟ್ಟಿಯೇ.

ಅಳತೆಯ ವಿಷಯದಲ್ಲಿ ಅಂಗಡಿಯವರ ಮಾತಿಗಿಂತ ಒಂದು ಸಣ್ಣ ಪರೀಕ್ಷೆ ಹೆಚ್ಚು ವಿಶ್ವಾಸಾರ್ಹ. ಬೂಟಿ ಹಾಕಿಕೊಂಡು ತುದಿಗಾಲಿನಲ್ಲಿ ನಿಂತು, ಹಿಮ್ಮಡಿಯ ಹಿಂದೆ ಎರಡು ಬೆರಳಿನಿಂದ ಚಿವುಟಿ ನೋಡಬೇಕು. ಅಲ್ಲಿ ರಬ್ಬರು ಮಡಿಕೆಯಾಗಿ ಕೈಗೆ ಸಿಕ್ಕಿದರೆ ಆ ಅಳತೆ ದೊಡ್ಡದು. ಬಳಿಕ ಪಾದವನ್ನು ನೆಲಕ್ಕೆ ಊರಿ ಎಡಕ್ಕೂ ಬಲಕ್ಕೂ ತಿರುಚಬೇಕು. ಅಟ್ಟೆ ನೆಲದ ಮೇಲೆ ನಿಂತು ಕಾಲು ಮಾತ್ರ ತಿರುಗಿದರೆ ಅದನ್ನು ಮರಳಿ ಕೊಡುವುದೇ ಲೇಸು. ಒಣಗಿದ್ದಾಗ ಬೂಟಿ ತುಸು ಬಿಗಿ ಎನ್ನಿಸಬೇಕು, ಏಕೆಂದರೆ ನೀರಿನಲ್ಲಿ ನೆನೆದು ಕೆಲವು ವಾರ ಬಳಸಿದ ಮೇಲೆ ಅದು ಖಂಡಿತವಾಗಿಯೂ ಸಡಿಲವಾಗುತ್ತದೆ. ಬೆರಳು ಮುದುಡಿಕೊಳ್ಳುವಷ್ಟು ಬಿಗಿಯಾದರೆ ರಕ್ತಸಂಚಾರಕ್ಕೆ ಅಡ್ಡಿಯಾಗಿ ಕಾಲು ಇನ್ನಷ್ಟು ತಣ್ಣಗಾಗುತ್ತದೆ, ಹಾಗಾಗಿ ಅದೂ ಬೇಡ. ವೆಟ್‌ಸೂಟಿನ ಕಾಲಿನ ಅಂಚು ಬೂಟಿಯ ಮೇಲೆ ಬರುವಂತೆ ಎಳೆದುಕೊಳ್ಳುವುದೂ ಹಿಡಿತಕ್ಕೆ ಸಂಬಂಧಿಸಿದ ವಿಷಯವೇ: ಬೂಟಿಯೊಳಗೆ ನೀರು ತುಂಬಿದರೆ ಪಾದ ಅದರಲ್ಲಿ ತೇಲಾಡುತ್ತದೆ.

ಹೊಸ ಬೂಟಿಯ ಅಟ್ಟೆ ಹಲವು ಬಾರಿ ನುಣ್ಣಗೆ ಹೊಳೆಯುತ್ತಿರುತ್ತದೆ. ಸಾಬೂನು ನೀರಿನಲ್ಲಿ ತೊಳೆದು, ಸಾಧಾರಣ ಒರಟಿನ ಸ್ಯಾಂಡ್‌ಪೇಪರ್‌ನಿಂದ ಹೊಳಪು ಹೋಗುವಷ್ಟು ಮಾತ್ರ ಹಗುರವಾಗಿ ಉಜ್ಜಿದರೆ ಮೊದಲ ದಿನದಿಂದಲೇ ವ್ಯತ್ಯಾಸ ಗೊತ್ತಾಗುತ್ತದೆ. ಅಟ್ಟೆಯ ಗೆರೆಗಳನ್ನು ಸವೆಸುವಷ್ಟು ಉಜ್ಜಬಾರದು. ತೆಳುವಾದ, ಬಾಗುವ ಅಟ್ಟೆಯೇ ಸರ್ಫಿಂಗ್‌ಗೆ ಹೊಂದುವುದು. ಡೈವಿಂಗ್‌ಗೆಂದು ಮಾಡಿದ ಗಟ್ಟಿ ಅಟ್ಟೆಯ ಬೂಟಿ ಬಂಡೆಗಳ ಮೇಲೆ ನಡೆಯಲು ಯೋಗ್ಯವಾದರೂ ಬೋರ್ಡಿನ ಮೇಲೆ ಕಾಲಿಗೆ ಯಾವ ಸುದ್ದಿಯನ್ನೂ ತಲುಪಿಸುವುದಿಲ್ಲ.

ಇನ್ನು ವ್ಯಾಕ್ಸ್. ಇದನ್ನು ನೀರಿನ ಉಷ್ಣತೆಗೆ ತಕ್ಕಂತೆ ಬೇರೆ ಬೇರೆ ಗಡಸುತನದಲ್ಲಿ ತಯಾರಿಸುತ್ತಾರೆ. ಸುಮಾರು 15 ಡಿಗ್ರಿಗಿಂತ ತಣ್ಣಗಿನ ನೀರಿಗೆ ಅತಿ ಮೆದುವಾದದ್ದು, ಉಷ್ಣವಲಯದ ನೀರಿಗೆ ಅತಿ ಗಡಸಾದದ್ದು. ಗಡಿಗಳು ತಯಾರಕರಿಂದ ತಯಾರಕರಿಗೆ ಒಂದೆರಡು ಡಿಗ್ರಿ ಹೆಚ್ಚುಕಡಿಮೆಯಾಗುತ್ತವೆ. ಮೂಲ್ಕಿ, ಸಸಿಹಿತ್ಲು ಕಡೆ ಸರ್ಫಿಂಗ್ ಕಲಿತು ಈ ಕಡಲಿಗೆ ಬರುವ ನಮ್ಮವರು ಇದನ್ನು ವಿಶೇಷವಾಗಿ ನೆನಪಿಡಬೇಕು. ಕರಾವಳಿಯ ಬೆಚ್ಚನೆಯ ನೀರಿಗೆ, ಅಲ್ಲಿನ ಬಿಸಿಲಿಗೆ ಕರಗದಂತೆ ಮಾಡಿದ ವ್ಯಾಕ್ಸ್ ಇಲ್ಲಿ ಕಲ್ಲಿನಷ್ಟು ಗಟ್ಟಿಯಾಗಿ ಅಂಟೇ ಇಲ್ಲದಂತಾಗುತ್ತದೆ. ಇಲ್ಲಿಯದನ್ನು ಅಲ್ಲಿಗೆ ಒಯ್ದರೆ ಚೀಲದೊಳಗೇ ಕರಗಿ ಬಟ್ಟೆಗೆ ಮೆತ್ತಿಕೊಳ್ಳುತ್ತದೆ.

ಬರಿಗಾಲಿಗೆ ಸಾಕಾಗುವ ವ್ಯಾಕ್ಸ್ ಬೂಟಿಗೆ ಸಾಲುವುದಿಲ್ಲ. ಚರ್ಮಕ್ಕೆ ಅಂಟು ಮುಖ್ಯ, ರಬ್ಬರಿನ ಅಟ್ಟೆಗೆ ಉಬ್ಬುಗಳು ಮುಖ್ಯ. ಆದ್ದರಿಂದ ನಾನು ಮೊದಲು ಗಡಸಾದ ತಳದ ವ್ಯಾಕ್ಸ್ ಹಚ್ಚುತ್ತೇನೆ: ಬಿಲ್ಲೆಯ ಅಂಚಿನಿಂದ ಓರೆ ಗೆರೆಗಳನ್ನು ಎರಡು ದಿಕ್ಕಿಗೂ ಎಳೆದು, ಬಳಿಕ ಸಣ್ಣ ವೃತ್ತಗಳಲ್ಲಿ, ಒತ್ತಡವಿಲ್ಲದೆ, ಸಬ್ಬಕ್ಕಿ ಕಾಳಿನಷ್ಟು ದಪ್ಪದ ಉಬ್ಬುಗಳು ಏಳುವವರೆಗೆ ಉಜ್ಜುವುದು. ಅವಸರದಲ್ಲಿ ಒತ್ತಿ ಉಜ್ಜಿದರೆ ಉಬ್ಬುಗಳು ಏಳುವ ಬದಲು ಚಪ್ಪಟೆಯಾಗುತ್ತವೆ. ಅದರ ಮೇಲೆ ತಣ್ಣೀರಿನ ಮೆದು ವ್ಯಾಕ್ಸ್‌ನ ತೆಳು ಪದರ ಸಾಕು. ಬೂಟಿಯ ಅಟ್ಟೆ ಈ ಉಬ್ಬುಗಳನ್ನು ಬರಿಗಾಲಿಗಿಂತ ಬೇಗ ತಟ್ಟಿ ಸಪಾಟಾಗಿಸುತ್ತದೆ. ಹಾಗಾದಾಗ ಮತ್ತೆ ಮತ್ತೆ ಮೆತ್ತುವ ಬದಲು ವ್ಯಾಕ್ಸ್ ಬಾಚಣಿಗೆಯ ಹಲ್ಲಿನಿಂದ ಅಡ್ಡಡ್ಡ ಗೀರುಗಳನ್ನು ಎಳೆದರೆ ಹಿಡಿತ ಮರಳುತ್ತದೆ. ಮೂರು ವಸ್ತುಗಳಲ್ಲಿ ಅತ್ಯಂತ ಅಗ್ಗದ್ದು ಇದೇ, ಕೆಲವು ಡಾಲರ್‌ಗಳಲ್ಲಿ ಮುಗಿಯುತ್ತದೆ. ಕೊಳಕಾಗಿ ಬೂದುಬಣ್ಣಕ್ಕೆ ತಿರುಗಿದ ಹಳೆಯ ವ್ಯಾಕ್ಸನ್ನು ಪೂರ್ತಿ ಕೆರೆದು ತೆಗೆದು ಹೊಸದಾಗಿ ಹಚ್ಚುವ ಕೆಲಸಕ್ಕೆ ಮಾತ್ರ ತಾಳ್ಮೆ ಬೇಕು. ಆ ಬೂದುಬಣ್ಣದ ಬಹುಭಾಗ ಮರಳು, ಮತ್ತು ಮರಳು ಬೆರೆತ ವ್ಯಾಕ್ಸ್‌ಗೆ ಅಂಟಿನ ಗುಣವಿರುವುದಿಲ್ಲ. ವಾಹನ ನಿಲ್ಲಿಸುವ ಜಾಗದಿಂದ ಮರಳಿನ ಮೇಲೆ ನಡೆದು ಬಂದ ಬೂಟಿಯನ್ನು ಮೊಣಕಾಲು ಮಟ್ಟದ ನೀರಿನಲ್ಲಿ ಅಲುಗಾಡಿಸಿ ತೊಳೆದ ಮೇಲೆಯೇ ಬೋರ್ಡ್ ಏರುವುದು ಇದಕ್ಕಾಗಿ.

ಅಟ್ಟೆಗೇ ವ್ಯಾಕ್ಸ್ ಹಚ್ಚಿಕೊಳ್ಳುವ ಉಪಾಯವನ್ನೂ ಕೆಲವರು ಹೇಳುತ್ತಾರೆ. ನೀರಿನ ಅಂಚಿಗೆ ಹೋದ ಮೇಲೆ ಹಚ್ಚಿದರೆ ಮೊದಲ ಕೆಲವು ಅಲೆಗಳಿಗೆ ಅದು ಉಪಯೋಗಕ್ಕೆ ಬರುತ್ತದೆ. ತೀರದಲ್ಲಿಯೇ ಹಚ್ಚಿ ನಡೆದರೆ ಅಟ್ಟೆಯ ತುಂಬ ಮರಳು ಮೆತ್ತಿಕೊಳ್ಳುತ್ತದೆ.

ಮುಂಭಾಗದ ಪ್ಯಾಡಿನ ಬಗ್ಗೆ ನನ್ನ ಅಭಿಪ್ರಾಯ ಮಿಶ್ರವಾಗಿದೆ. ಇದು ಇವಿಎ ಎಂಬ ಫೋಮಿನ ತೆಳುವಾದ ಹಾಳೆ. ಮೇಲ್ಮೈಯಲ್ಲಿ ವಜ್ರಾಕಾರದ ಅಥವಾ ಚೌಕಾಕಾರದ ಗೀರುಗಳಿರುತ್ತವೆ, ತಳದಲ್ಲಿ ಅಂಟು ಇರುತ್ತದೆ. ಬೋರ್ಡಿನ ವ್ಯಾಕ್ಸ್ ಪೂರ್ತಿ ತೆಗೆದು, ಆಲ್ಕೋಹಾಲ್‌ನಿಂದ ಒರೆಸಿ, ಒಣಗಿಸಿ ಅಂಟಿಸಬೇಕು. ಅಂಚುಗಳನ್ನು ಹೆಬ್ಬೆರಳಿನಿಂದ ಚೆನ್ನಾಗಿ ಒತ್ತಿ ಒಂದು ದಿನವಾದರೂ ನೀರಿಗೆ ಇಳಿಸದೆ ಬಿಡಬೇಕು. ಬೂಟಿಯ ರಬ್ಬರಿಗೂ ಈ ಫೋಮಿಗೂ ಇರುವ ಹೊಂದಾಣಿಕೆ ವ್ಯಾಕ್ಸ್‌ಗಿಂತ ಮೇಲು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ನೀರು ಎಷ್ಟೇ ತಣ್ಣಗಿರಲಿ ಅದರ ಗುಣ ಬದಲಾಗುವುದಿಲ್ಲ, ಪ್ರತಿ ಸಲ ಉಜ್ಜುವ ಕೆಲಸವೂ ಇಲ್ಲ. ಹಿಂಗಾಲಿಗೆ ಬೋರ್ಡಿನ ಹಿಂಭಾಗದ ಪ್ಯಾಡ್ ಇದ್ದರೆ, ಕಮಾನಿನಂತೆ ಉಬ್ಬಿದ ಭಾಗ ಪಾದದ ಕಮಾನಿಗೆ ತಾಕುವುದರಿಂದ ದಪ್ಪ ಅಟ್ಟೆಯ ಮೂಲಕವೂ ಕಾಲು ಎಲ್ಲಿದೆ ಎಂದು ತಿಳಿಯುತ್ತದೆ.

ಆದರೆ ಅಲೆಗಾಗಿ ಕೈಯಿಂದ ನೀರು ಎಳೆಯುವಾಗ ಎದೆ ಮತ್ತು ಹೊಟ್ಟೆ ಅದೇ ಮುಂಭಾಗದ ಪ್ಯಾಡಿನ ಮೇಲೆ ತಿಕ್ಕಾಡುತ್ತವೆ. ಎರಡನೆಯ ಚಳಿಗಾಲದ ಹೊತ್ತಿಗೆ ನನ್ನ ವೆಟ್‌ಸೂಟಿನ ಪಕ್ಕೆಲುಬಿನ ಭಾಗದ ಬಟ್ಟೆಯ ಪದರ ಜುಂಗು ಜುಂಗಾಗಿ ಎದ್ದಿತು, ಅದನ್ನು ಪ್ಯಾಡಿನ ಖರ್ಚಿಗೇ ಸೇರಿಸಬೇಕು. ಇನ್ನೊಂದು ತೊಡಕು ಎದ್ದು ನಿಲ್ಲುವ ಕ್ಷಣದ್ದು. ಮಲಗಿದಲ್ಲಿಂದ ಕಾಲನ್ನು ಎದೆಯ ಕೆಳಗೆ ಎಳೆದುಕೊಳ್ಳುವಾಗ ಬೂಟಿಯ ಮೂತಿ ಪ್ಯಾಡಿಗೆ ಸಿಕ್ಕಿ ತಡೆಯುತ್ತದೆ. ಬರಿಗಾಲಿನ ಬೆರಳು ತಾನಾಗಿಯೇ ಮಡಚಿಕೊಂಡು ದಾರಿ ಬಿಡುತ್ತದೆ. ರಬ್ಬರಿನ ಮೂತಿ ಹಾಗೆ ಮಾಡುವುದಿಲ್ಲ. ಮೊಣಕಾಲನ್ನು ಇನ್ನಷ್ಟು ಮೇಲೆತ್ತಿ, ಪಾದವನ್ನು ಎಳೆಯದೆ ನೇರವಾಗಿ ಊರುವ ಅಭ್ಯಾಸವೊಂದೇ ಇದಕ್ಕೆ ಪರಿಹಾರ, ಮತ್ತು ಆ ಅಭ್ಯಾಸ ಮನೆಯ ಚಾಪೆಯ ಮೇಲೆ ಬೂಟಿ ಹಾಕಿಕೊಂಡೇ ಆಗಬೇಕು. ಒಮ್ಮೆ ಊರಿದ ಕಾಲು ಪ್ಯಾಡಿನ ಮೇಲೆ ಕದಲುವುದೂ ಇಲ್ಲ, ಅಂದರೆ ತಪ್ಪು ಜಾಗದಲ್ಲಿ ನಿಂತವರು ಅಲ್ಲಿಯೇ ಉಳಿಯುತ್ತಾರೆ. ಹಿಡಿತ ಹೆಚ್ಚಾದಷ್ಟೂ ಒಳ್ಳೆಯದು ಎಂಬ ನಂಬಿಕೆ ಇಲ್ಲಿ ಮುರಿದು ಬೀಳುತ್ತದೆ. ಒಂಬತ್ತು ಅಡಿಯ ಉದ್ದ ಬೋರ್ಡಿನ ಮೇಲೆ ಹೆಜ್ಜೆ ಹಾಕುತ್ತಾ ಮುಂದೆ ಹೋಗಿ ಬರುವವರಂತೂ ಪ್ಯಾಡಿನ ಗೊಡವೆಗೇ ಹೋಗಬಾರದು.

ಕೊಳ್ಳುವ ಕ್ರಮದ ಬಗ್ಗೆ ಕೇಳಿದವರಿಗೆ ನಾನು ಹೇಳುವುದು ಹೀಗೆ: ಇರುವ ಹಣವನ್ನೆಲ್ಲ ಮೊದಲು ಕಾಲಿಗೆ ಸರಿಯಾಗಿ ಕೂರುವ ಬೂಟಿಗೆ ಹಾಕಿ, ವ್ಯಾಕ್ಸ್ ಹಚ್ಚುವುದನ್ನು ಸರಿಯಾಗಿ ಕಲಿತು ಒಂದು ಋತು ಕಳೆಯಬೇಕು. ಆಮೇಲೂ ಮುಂಗಾಲು ಜಾರುತ್ತಿದ್ದರೆ ಮಾತ್ರ ಪ್ಯಾಡಿನ ಯೋಚನೆ. ಫೋಮ್ ಹೊದಿಕೆಯ ಮೆತ್ತನೆಯ ಬೋರ್ಡಿನಲ್ಲಿ ಕಲಿಯುತ್ತಿರುವವರಿಗೆ ಅದರ ಒರಟು ಮೇಲ್ಮೈಯೇ ಸಾಕು ಎಂದು ಹೇಳುವುದುಂಟು, ಆದರೆ ಬೂಟಿ ಹಾಕುವವರು ಅದಕ್ಕೂ ವ್ಯಾಕ್ಸ್ ಹಚ್ಚುವುದು ಉತ್ತಮ.

ಬಾಳಿಕೆಯ ವಿಷಯಕ್ಕೆ ಬಂದರೆ, ಬೂಟಿಯಲ್ಲಿ ಮೊದಲು ಸೋಲುವುದು ಅಟ್ಟೆಯ ಅಂಚಿನ ಅಂಟು, ಅದರಲ್ಲೂ ಹೆಬ್ಬೆರಳಿನ ಸೀಳಿನ ಬಳಿ. ಡಾಂಬರು ನೆಲದ ಮೇಲೆ ಬೂಟಿ ಹಾಕಿಕೊಂಡು ನಡೆಯುವವರಿಗೆ ಇದು ಇನ್ನೂ ಬೇಗ ಕಾಣಿಸುತ್ತದೆ. ಉಪ್ಪುನೀರು ಹೋಗುವಂತೆ ಸಿಹಿನೀರಿನಲ್ಲಿ ತೊಳೆದು, ಬಿಸಿಲಿಗೆ ಹಾಕದೆ ನೆರಳಿನಲ್ಲಿ ಬಾಯಿ ಕೆಳಗೆ ಮಾಡಿ ತೂಗುಹಾಕಬೇಕು. ಎದ್ದ ಅಂಚನ್ನು ನಿಯೋಪ್ರೀನ್ ಸಿಮೆಂಟ್‌ನಿಂದ ಮತ್ತೆ ಅಂಟಿಸಬಹುದು: ಎರಡೂ ಮುಖಗಳಿಗೆ ತೆಳುವಾಗಿ ಹಚ್ಚಿ, ಮುಟ್ಟಿದರೆ ಬೆರಳಿಗೆ ಹತ್ತದಷ್ಟು ಆರಿದ ಮೇಲೆ ಒತ್ತಿ, ಭಾರ ಇಟ್ಟು ರಾತ್ರಿಯಿಡೀ ಬಿಟ್ಟರೆ ಇನ್ನೊಂದು ಚಳಿಗಾಲ ಬರುತ್ತದೆ. ಹಿಮ್ಮಡಿಯ ಗುಂಡಿ ಸಡಿಲವಾದ ಬೂಟಿಗೆ ಮಾತ್ರ ಇಂಥ ರಿಪೇರಿ ಇಲ್ಲ, ಅದನ್ನು ಬದಲಾಯಿಸಬೇಕು.